ಏಳನೇ ನಂಬರಿನ ಬಟ್ಟೆ

ಅಧಿಕ ಮಾಸ. ಲಗ್ನವಿಲ್ಲ, ಗೃಹಪ್ರವೇಶವಿಲ್ಲ.
ಕಡೂರಿನ ನಮ್ಮ ಶಾಮಿಯಾನ ಅಂಗಡಿಯಲ್ಲಿ
ಕುರ್ಚಿಗಳು ಒಂದರ ಮಡಿಲಲ್ಲೊಂದು ಕೂತು
ಸೂರಿನವರೆಗೂ ನಿದ್ದೆ ಹೋಗಿದ್ದವು.
ಸ್ಕೂಲು ಶುರುವಾಗಲು ಎಂಟೇ ದಿನ.
ಇವರು ಇದ್ದಕ್ಕಿದ್ದಂತೆ ಅಂದರು:
'ಊರಿಗೆಲ್ಲ ಚಪ್ಪರ ಹಾಕಿ ಹದಿನೇಳು ವರ್ಷ ಆಯ್ತು,
ನಾವೊಂದು ರಾತ್ರಿ ಅದರಡಿ ಮಲಗಿಲ್ವಲ್ಲೇ.'

ಏಸ್ ಗಾಡಿಗೆ ನಾಲ್ಕು ಗಳ, ಹಗ್ಗದ ಸುರುಳಿ, ಗೂಟ, ಸುತ್ತಿಗೆ,
ಟೀ ಕಾಸಲು ನೂರು ಜನರ ದಬರಿ.
ಅಂಗಡಿಯಲ್ಲಿ ಅದಕ್ಕಿಂತ ಚಿಕ್ಕದಿಲ್ಲ,
ಮನೆಯದನ್ನು ಮಸಿ ಮಾಡಲು ನಾನು ಬಿಡಲಿಲ್ಲ.
ಹಿಂದೆ ಜಮಖಾನದ ಮೇಲೆ ಅತ್ತೆ, ಮಕ್ಕಳಿಬ್ಬರು.
ಸಖರಾಯಪಟ್ಟಣ ದಾಟುವಾಗ ಚಿಂತನ್
ಎದುರಾದ ಎಮ್ಮೆಗಳಿಗೆಲ್ಲ ಟಾಟಾ ಮಾಡಿದ.

ಅಯ್ಯನಕೆರೆ ತಳಕ್ಕಿಳಿದಿತ್ತು.
ಏರಿಯ ಕಲ್ಲುಗಳ ಮೇಲೆ
ತಿಂಗಳಿಗೊಂದರಂತೆ ನೀರಿನ ಗೆರೆ.
ಒಣಗಿದ ಕೆಸರಲ್ಲಿ ಹಸುವಿನ ಗೊರಸು, ನಾಯಿಯ ಹೆಜ್ಜೆ,
ಯಾರದೋ ಬರಿಗಾಲು, ಹೆಬ್ಬೆರಳು ಮಾತ್ರ ಆಳ.
ರಚಿತ ತನ್ನ ಕಾಲಿಟ್ಟು ನೋಡಿದಳು. ಹಿಡಿಸಲಿಲ್ಲ.
ದೂರದಲ್ಲಿ ಉಳಿದಷ್ಟು ನೀರು, ಅದರೊಳಗೆ
ಸ್ವಲ್ಪ ವಾರೆಯಾಗಿ ಶಕುನಗಿರಿ.

ಇವರು ಗೂಟ ಹೊಡೆದರು. ಬಟ್ಟೆ ಬಿಚ್ಚಿದರು.
ನೀಲಿ, ಅಂಚಿಗೆ ಬಿಳಿ.
ಅತ್ತೆ ಒಂದು ಮೂಲೆ ಹಿಡಿದು
ಹೊಲಿಗೆಯ ಮೇಲೆ ಬೆರಳಾಡಿಸಿ ಕೇಳಿದರು:
'ಇದು ಏಳನೇದಲ್ವಾ?'

ಏಳನೆಯದೇ.
ಒಂದರಿಂದ ಆರು ಮದುವೆಗೆ, ನಾಮಕರಣಕ್ಕೆ;
ಏಳು ಸಾವಿನ ಮನೆಗೆ.
ಎಷ್ಟು ಹೊತ್ತಿಗೆ ಫೋನು ಬಂದರೂ ಶಫಿ ಎದ್ದು ಹೋಗಿ
ಅರ್ಧ ಗಂಟೆಯಲ್ಲಿ ಕಟ್ಟಿ ಬರುತ್ತಾನೆ.
ಬಾಡಿಗೆ ಇಷ್ಟೇ ಅಂತ ಇಲ್ಲ, ಕೊಟ್ಟಷ್ಟು.
'ಮದುವೇದು ಕೆಸರಾದರೆ ಒಗೆಯೋರು ಯಾರಮ್ಮ?'
ಇವರು ಸುತ್ತಿಗೆಗೆ ಹೇಳಿದರು, ತಾಯಿಗಲ್ಲ.

ಹೋದ ಮಾಘದಲ್ಲಿ ಮೂರು ದಿನ
ನಮ್ಮ ಬಾಗಿಲಿಗೇ ಇದನ್ನು ಕಟ್ಟಿತ್ತು.
ಮಾವನನ್ನು ಕೂರಿಸಿದ ಬೆಳಿಗ್ಗೆ ಗಾಳಿಗೆ ಮೂಲೆ ಹರಿಯಿತು.
ಬಂದವರೆಲ್ಲ ಅಳುತ್ತಿದ್ದಾಗ ಅತ್ತೆ ಎದ್ದು ಹೋಗಿ
ದಬ್ಬಳ ತಂದು ಹೊಲಿದರು.
ಕೆಂಪು ದಾರ; ಮನೆಯಲ್ಲಿ ಬೇರೆ ಇರಲಿಲ್ಲ.

'ನಾನು ಇದರ ಕೆಳಗೆ ಮಲಗೋದಿಲ್ಲ.'
ಜಗಳವಿಲ್ಲ, ಕಣ್ಣೀರಿಲ್ಲ. ಗಾಡಿಯ ಹಿಂದುಗಡೆ
ಜಮಖಾನ ಕೊಡವಿ ಹಾಸಿಕೊಂಡು
ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತ ಕೂತರು.

ದಬರಿಯ ತಳದಲ್ಲಿ ಅಂಗೈಯಷ್ಟು ಟೀ.
ಚಿಂತನ್ ತಲೆ ಒಳಗಿಟ್ಟು ತನ್ನ ಹೆಸರು ಕೂಗಿದ,
ಪಾತ್ರೆ ಎರಡು ಸಲ ಹೇಳಿತು.
ನೀರುಕಾಗೆಗಳು ಒಣಮರದಿಂದ ಎದ್ದು
ಯಾವ ಕಡೆಗೋ ಹೋದವು.

ಕತ್ತಲಲ್ಲಿ ರಚಿತ:
'ಅಪ್ಪ, ಇದರ ಕೆಳಗೆ ಎಷ್ಟು ಜನ ಸತ್ತಿದ್ದಾರೆ?'
'ಯಾರೂ ಸತ್ತಿಲ್ಲ ಕಣೇ.
ಇದು ಬಂದವರಿಗೆ ಬಿಸಿಲು ಬೀಳದಿರಲಿ ಅಂತ.'
ಗಾಳಿ ಅಲುಗಿದಾಗಲೆಲ್ಲ ಇವರು ಎದ್ದು
ಒಂದೊಂದೇ ಹಗ್ಗ ಮುಟ್ಟಿ ನೋಡಿ ಬರುತ್ತಿದ್ದರು.
ಬಾಡಿಗೆಯವರ ಚಿಂತೆ, ನಮ್ಮದಲ್ಲ.

ಮೊದಲು ಚಿಂತನ್ ದಿಂಬು ತಗೊಂಡು ಅಜ್ಜಿ ಹತ್ತಿರ ಹೋದ.
ಆಮೇಲೆ ರಚಿತ, ಸೊಳ್ಳೆ ಅಂತ.
ಆಮೇಲೆ ನಾನು, ಮಕ್ಕಳು ಅಂತ.
ಕೊನೆಗೆ ಇವರು, ಏನೂ ಹೇಳದೆ.
ಐದು ಜನ ಏಸ್ ಗಾಡಿಯಲ್ಲಿ, ಇವರ ಕಾಲು ಹೊರಗೆ.
ಖಾಲಿ ಬಟ್ಟೆ ಕೆರೆಯ ಪಕ್ಕ
ಯಾರಿಗೋ ಕಾದಂತೆ ನಿಂತಿತ್ತು.

ಬೆಳಗಿನ ಜಾವ ಹನಿ. ದಪ್ಪ ಹನಿ, ಬಿಡಿಬಿಡಿ.
ಇವರು ಹಾರಿ ಇಳಿದರು. ಶಫಿ ಕಲಿಸಿದ ಗಂಟು,
ಒಂದೆಳೆಗೆ ಬಿಚ್ಚುವಂಥದು.
ಎಳೆದು ತಂದು ನಮ್ಮೆಲ್ಲರ ಮೇಲೆ ಹೊದಿಸಿ
ತಾವೂ ಒಳಗೆ ನುಸುಳಿದರು.
ಮಣ್ಣಿನ ವಾಸನೆ, ಕರ್ಪೂರದ ವಾಸನೆ.
ನಾನು ಉಸಿರು ಹಿಡಿದು ಕಾದೆ.
ಕತ್ತಲಲ್ಲಿ ಅತ್ತೆಯ ಬಳೆ ಸದ್ದು,
ಬೆರಳು ಏನನ್ನೋ ಹುಡುಕುತ್ತಿತ್ತು.

'ಇಲ್ಲಿ ಸೋರ್ತಿದೆ ನೋಡು,' ಎಂದರು.
'ಅವತ್ತು ಕೈ ನಡುಗಿತ್ತು.
ಊರಿಗೆ ಹೋದ ಮೇಲೆ ನೀಲಿ ದಾರ ತಗೊಂಡು ಬಾ.'